ಹಾರ್ಲನ್ ಫೋರ್ಕ್ ಶಾಲೆಯ ಕೊನೆಯ ವರ್ಷ

ಹಾರ್ಲನ್ ಫೋರ್ಕ್, ನೆಬ್ರಾಸ್ಕಾ
9 ಸೆಪ್ಟೆಂಬರ್ 2018

ಪ್ರೀತಿಯ ಅಕ್ಕ,

ಫೋನಿನಲ್ಲಿ ನಿನ್ನ ಜತೆ ಮಾತಾಡುವುದಕ್ಕಿಂತ ಕಾಗದ ಬರೆಯುವುದೇ ಸುಖ. ನೀನು ಪ್ರತಿ ಮಾತಿಗೂ "ಏನಂದೆ?" ಅನ್ನುತ್ತೀಯ, ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತೇನೆ. ಆ ಕೆಲಸ ಶಾಲೆಯಲ್ಲೇ ಸಾಕಷ್ಟು ಆಗುತ್ತದೆ.

ಈ ವರ್ಷ ನನ್ನ ಪಾಲಿಗೆ ಬೀಜಗಣಿತ, ರೇಖಾಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಮಧ್ಯಾಹ್ನ ಊಟದ ಕೋಣೆಯಲ್ಲಿ ಕಾವಲು, ಸಂಜೆ ವಾಲಿಬಾಲ್ ಹುಡುಗಿಯರ ಜತೆ ಬಸ್ಸಿನಲ್ಲಿ ಊರೂರು ತಿರುಗಾಟ. ಸ್ಪ್ಯಾನಿಷ್ ಕಲಿಸುವವರು ಸಿಗಲೇ ಇಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ಒಬ್ಬರು ಎಲ್ಲಿಂದಲೋ ಕಲಿಸುತ್ತಾರೆ. ಲೈನು ಕಡಿದರೆ ಅವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ. ಮಕ್ಕಳು ನಗುತ್ತಾರೆ, ನಾನು ಹೋಗಿ ವೈರು ಅಲುಗಾಡಿಸಿ ಬರುತ್ತೇನೆ. ಶುಕ್ರವಾರ ಶಾಲೆಗೆ ರಜೆ. ಬಸ್ಸಿನ ಡೀಸೆಲ್ ಉಳಿಯಲಿ ಎಂದು.

ಹನ್ನೊಂದನೇ ತರಗತಿಗೆ ಯಾರೆಲಿ ಸಾಲ್ಸೆಡೊ ಎಂಬ ಹುಡುಗಿ ಬಂದಿದ್ದಾಳೆ. ಹೆದ್ದಾರಿ ಪಕ್ಕದ ದೊಡ್ಡ ಡೈರಿಯಲ್ಲಿ ಅವಳ ತಾಯಿ ಎಲ್ವಿರಾಗೆ ಹಾಲು ಕರೆಯುವ ಕೆಲಸ. ತಮ್ಮಂದಿರಿಬ್ಬರು; ಒಬ್ಬ ಒಂಬತ್ತನೇ ತರಗತಿ, ಇನ್ನೊಬ್ಬ ಈಗಷ್ಟೇ ಒಂದನೇ ತರಗತಿಗೆ ಸೇರಿದ್ದಾನೆ. ಮೊನ್ನೆ ಆ ಹುಡುಗಿ, "ಮಿಸ್, ಈ ಲೆಕ್ಕ ಪುಸ್ತಕದಲ್ಲೇ ತಪ್ಪಾಗಿದೆ" ಅಂದಳು. ಪುಸ್ತಕ ತಪ್ಪಿರಲಿಕ್ಕಿಲ್ಲ, ಇನ್ನೊಮ್ಮೆ ಮಾಡು ಅಂದೆ. ಮನೆಗೆ ಬಂದು ಊಟದ ಮೇಜಿನ ಮೇಲೆ ನಾನೇ ಮಾಡಿ ನೋಡಿದೆ. ಪುಸ್ತಕವೇ ತಪ್ಪು. ಮಾರನೆಯ ದಿನ ಹಾಗಂತ ಹೇಳಿದರೆ ತಲೆ ಆಡಿಸಿದಳು ಅಷ್ಟೆ, ಗೆದ್ದೆ ಅನ್ನುವ ಮುಖವೂ ಇಲ್ಲ.

ಹೈಸ್ಕೂಲಿನಲ್ಲಿ ಮಕ್ಕಳ ಸಂಖ್ಯೆ ರಾಜ್ಯದವರು ಹಾಕಿದ ಗೆರೆಯ ಮೇಲೆ ನಿಂತಿದೆ. ಒಬ್ಬಿಬ್ಬರು ಕಡಿಮೆಯಾದರೂ ನಮ್ಮ ಶಾಲೆ ಮುಚ್ಚಿ, ಪಕ್ಕದ ದೊಡ್ಡೂರು ಕೆಸ್ಲರ್‌ನ ಶಾಲೆಗೆ ನಮ್ಮನ್ನು ಸೇರಿಸುತ್ತಾರೆ. ಡೆಲ್ಮರ್ ಕ್ರೌಪಾ ಈಗ ಶಾಲಾ ಮಂಡಳಿಯ ಅಧ್ಯಕ್ಷ. ದಿನಾ ಬೆಳಗ್ಗೆ ಮೇವಿನ ಅಂಗಡಿ ತೆರೆಯುವ ಮೊದಲು ಬಂದು, ಬಸ್ಸಿನಿಂದ ಇಳಿಯುವ ಮಕ್ಕಳನ್ನು ಕುರಿ ಎಣಿಸಿದ ಹಾಗೆ ಎಣಿಸಿ ಹೋಗುತ್ತಾನೆ.

ಕಾಲು ನೋಯುತ್ತಿದೆ. ಮಲಗುತ್ತೇನೆ.

ನಿನ್ನ
ಮಾರ್ವಾ

---

ಸ್ಪೋಕೇನ್, ವಾಷಿಂಗ್ಟನ್
23 ಸೆಪ್ಟೆಂಬರ್ 2018

ಮಾರ್ವಾ,

ನಿನ್ನ ಕಾಗದ ಓದಿ ನಗುವೂ ಬಂತು, ಸಿಟ್ಟೂ ಬಂತು. ಇಷ್ಟಕ್ಕೇ ಕಾಲು ನೋವು ಅನ್ನುತ್ತೀಯಲ್ಲ. ಪ್ಲಮ್ ಕ್ರೀಕ್ ಶಾಲೆಗೆ ನಾನು ಟೀಚರಾಗಿ ಹೋದಾಗ ನನಗೆ ಹತ್ತೊಂಬತ್ತು. ಒಂದೇ ಕೋಣೆ, ಅದರೊಳಗೆ ಎಂಟು ತರಗತಿ. ಬೆಳಗ್ಗೆ ಬೂದಿ ಬಳಿದು ಕಲ್ಲಿದ್ದಲ ಒಲೆ ಹಚ್ಚಬೇಕು, ಪಂಪು ಹೊಡೆದು ನೀರು ತುಂಬಬೇಕು, ಚಿಕ್ಕಮಕ್ಕಳು ಪಾಯಿಖಾನೆಗೆ ಹೋಗುವ ಮೊದಲು ಕೋಲು ಹಿಡಿದು ಹಾವು ಇದೆಯೇ ಎಂದು ನೋಡಬೇಕು. ಇಷ್ಟೆಲ್ಲ ಆದ ಮೇಲೆ ಪಾಠ. ನನಗಿಂತ ಒಂದು ಗೇಣು ಎತ್ತರದ ಹುಡುಗರಿಗೆ ಭಾಗಾಕಾರ ಕಲಿಸಿದ್ದೇನೆ.

ನಿನಗೆ ನೆನಪಿದೆಯೋ ಇಲ್ಲವೋ. ಶಾಲೆಯಲ್ಲಿ ನನ್ನನ್ನು "ಮಿಸ್ ವಾವ್ರಾ" ಎಂದೇ ಕರೆಯಬೇಕು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಏಳು ವರ್ಷದವಳು ನೀನು, ಇಡೀ ದಿನ ಕೈಕಟ್ಟಿಕೊಂಡು ವಿನಯದ ಗೊಂಬೆ. ಮನೆಯ ಗೇಟು ದಾಟಿದ ಕೂಡಲೇ, "ಮಿಸ್ ವಾವ್ರಾ, ಹಂದಿಗೆ ಊಟ ಹಾಕಿದ್ರಾ?" ಅಂತ ಅಣಕಿಸುತ್ತಿದ್ದೆ. ಡೆಲ್ಮರ್ ಅಧ್ಯಕ್ಷನಾದನೇ? ಅವನು ಸೀಮೆಸುಣ್ಣ ತಿನ್ನುತ್ತಿದ್ದ. ನಾನೇ ಅವನ ಬಾಯಿಗೆ ಬೆರಳು ಹಾಕಿ ತೆಗೆದಿದ್ದೇನೆ.

ಈಗ ನನ್ನ ಮಾತು ಕೇಳು. ಪ್ಲಮ್ ಕ್ರೀಕ್ ಶಾಲೆ ಮುಚ್ಚಿ ಆ ಮಕ್ಕಳನ್ನು ಹಾರ್ಲನ್ ಫೋರ್ಕ್‌ಗೆ ಸೇರಿಸಿದರಲ್ಲ, ಆಮೇಲೆ ಅಲ್ಲಿ ಏನು ಉಳಿಯಿತು? ಅಂಚೆ ಕಚೇರಿ ಹೋಯಿತು, ಅಂಗಡಿ ಹೋಯಿತು, ಚರ್ಚಿನ ಬಾಗಿಲಿಗೆ ಹಲಗೆ ಹೊಡೆದರು. ಈಗ ಆ ಜಾಗದಲ್ಲಿ ಜೋಳ. ನಿಮ್ಮೂರಿಗೂ ಅದೇ ಗತಿ. ನೀನು ಆ ಶಾಲೆಯ ಹಿರಿಯ ಟೀಚರ್. ಎದ್ದು ನಿಂತು ಮಾತಾಡು. ನನ್ನನ್ನು ಕೇಳಿದರೆ, ಹಾಲು ಕರೆಯುವವರ ಮಕ್ಕಳನ್ನು ಕೈಹಿಡಿದು ಇಟ್ಟುಕೊ. ಅಂಥವರು ನಿಂತ ಕಡೆ ನಿಲ್ಲುವವರಲ್ಲ.

ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು.

ಆರ್ಡಿಸ್

---

ಹಾರ್ಲನ್ ಫೋರ್ಕ್
11 ನವೆಂಬರ್ 2018

ಪ್ರೀತಿಯ ಅಕ್ಕ,

ತಡವಾಯಿತು. ವಾಲಿಬಾಲ್ ಮುಗಿಯಿತು, ಎಲ್ಲ ಆಟವೂ ಸೋತೆವು. ಬಸ್ಸಿನಲ್ಲಿ ವಾಪಸು ಬರುವಾಗ ಹುಡುಗಿಯರು ಹಾಡಿಕೊಂಡೇ ಬರುತ್ತಾರೆ, ಸೋತದ್ದು ಅವರಿಗೆ ಅಭ್ಯಾಸವಾಗಿದೆ.

ಯಾರೆಲಿಗೆ ಮೇಲಿನ ಮಟ್ಟದ ಗಣಿತವನ್ನು ಪರದೆಯಲ್ಲಿ ಕೊಡಿಸಿದ್ದೆವು. ಆ ತರಗತಿಯಲ್ಲಿ ಅವಳೊಬ್ಬಳೇ. ಹಿಂದಿನ ಸಾಮಾನಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರು. ಲೈನು ಹೋದಾಗ ನನ್ನ ಹತ್ತಿರ ಬರುತ್ತಾಳೆ. ಬುಧವಾರ ಬಂದು, "ಮಿಸ್, ಹೇಗೆ ಮಾಡ್ಬೇಕು ಅಂತ ಅವ್ರು ಹೇಳಿದ್ರು, ಯಾಕೆ ಅಂತ ಹೇಳ್ಲಿಲ್ಲ" ಅಂದಳು. ನಾಳೆ ಹೇಳುತ್ತೇನೆ ಅಂದೆ. ಆ ಗಣಿತ ನಾನು ಕಲಿತು ನಲವತ್ತು ವರ್ಷವಾಯಿತು. ಮನೆಯಲ್ಲಿ ಕೂತು ಓದಿದೆ. ಅರ್ಧ ಅರ್ಥವಾಯಿತು. ಆ ಅರ್ಧವನ್ನು ಅವಳಿಗೆ ಹೇಳಿದೆ. "ಪರ್ವಾಗಿಲ್ಲ ಮಿಸ್" ಅಂದಳು. ಮಕ್ಕಳು ನನಗೆ ಏನೇನೋ ಅಂದಿದ್ದಾರೆ. ಪರವಾಗಿಲ್ಲ ಎಂದು ಯಾರೂ ಸಮಾಧಾನ ಹೇಳಿರಲಿಲ್ಲ.

ಅವರ ಮನೆಯ ಕಡೆ ಹೋಗಿದ್ದೆ. ಎಲ್ವಿರಾ ಜತೆ ಹುಡುಗಿಯ ಓದಿನ ಬಗ್ಗೆ ಒಂದಷ್ಟು ಮಾತಾಡಿ ಬಂದೆ. ಒಳ್ಳೆಯವರು.

ಚಳಿ ಈ ಸಲ ಬೇಗ ಬಂದಿದೆ. ಉಪ್ಪುನೀರಿನಿಂದ ಕಾಲಿಗೆ ಸ್ವಲ್ಪ ಹಿತವಾಯಿತು.

ಮಾರ್ವಾ

---

ಸ್ಪೋಕೇನ್
2 ಡಿಸೆಂಬರ್ 2018

ಮಾರ್ವಾ,

ಅವರ ಮನೆಗೆ ಹೋದದ್ದು ಒಳ್ಳೆಯದಾಯಿತು. ಪ್ಲಮ್ ಕ್ರೀಕ್‌ನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಜೋಳದ ಕಟಾವಿಗೆ ಹುಡುಗರನ್ನು ಶಾಲೆ ಬಿಡಿಸುತ್ತಾರೆ ಅಂತ ಗೊತ್ತಾದರೆ ನೇರ ಮನೆಗೇ ನಡೆದು, ಅವರು ಕೊಟ್ಟ ಕಾಫಿ ಕುಡಿದು, ಹುಡುಗನನ್ನು ಕಳಿಸುತ್ತೇವೆ ಅನ್ನುವವರೆಗೂ ಏಳುತ್ತಿರಲಿಲ್ಲ. ಮಕ್ಕಳನ್ನು ಉಳಿಸಿಕೊಳ್ಳುವುದೆಂದರೆ ಹಾಗೆ. ನನ್ನ ತಂಗಿ ಅನ್ನಿಸಿಕೊಂಡೆ.

ಯಾಕೆ ಎಂದು ಕೇಳುವ ಮಕ್ಕಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಹೇಗೆ ಅನ್ನುವುದು ಬಂದರೆ ಸಾಕು.

ನಿಮ್ಮ ಕೌಂಟಿಯ ಪತ್ರಿಕೆಗೆ ಚಂದಾ ಕಟ್ಟಿದ್ದೇನೆ. ವಾರ ತಡವಾಗಿ ಬಂದರೂ ಒಂದಕ್ಷರ ಬಿಡದೆ ಓದುತ್ತೇನೆ. ನನ್ನವರು, ಗ್ಲೆನ್, ತೀರಿಹೋದ ಮೇಲೆ ಈ ಮನೆಯಲ್ಲಿ ಓದಿ ಹೇಳುವುದಕ್ಕೆ ಯಾರೂ ಇಲ್ಲ, ಬೆಕ್ಕಿಗೆ ಹೇಳುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ, ಅಲ್ಲಿಯ ಒಂದು ದಿನವೂ ನನ್ನ ಕನಸಿಗೆ ಬಂದಿಲ್ಲ. ಪ್ಲಮ್ ಕ್ರೀಕ್ ವಾರಕ್ಕೊಮ್ಮೆಯಾದರೂ ಬರುತ್ತದೆ.

ಕ್ರಿಸ್‌ಮಸ್‌ಗೆ ಕೊಲಾಚಿ ಬನ್ನು ಮಾಡುವಾಗ ಗಸಗಸೆ ಅಮ್ಮ ಹಾಕುತ್ತಿದ್ದಷ್ಟು ಹಾಕು, ಜಿಪುಣತನ ಮಾಡಬೇಡ.

ಆರ್ಡಿಸ್

---

ಹಾರ್ಲನ್ ಫೋರ್ಕ್
13 ಜನವರಿ 2019

ಪ್ರೀತಿಯ ಅಕ್ಕ,

ಪತ್ರಿಕೆಯಲ್ಲಿ ಓದುವ ಮೊದಲು ನಾನೇ ತಿಳಿಸುತ್ತೇನೆ. ರಜೆ ಮುಗಿದ ಮೇಲೆ ಯಾರೆಲಿಯೂ ಅವಳ ದೊಡ್ಡ ತಮ್ಮನೂ ಕೆಸ್ಲರ್ ಶಾಲೆಗೆ ಹೋಗುತ್ತಿದ್ದಾರೆ. ಡೈರಿ ಇರುವುದು ಎರಡೂ ಶಾಲೆಗಳ ಗಡಿಯಲ್ಲಿ, ಅವರು ಎತ್ತ ಬೇಕಾದರೂ ಹೋಗಬಹುದು. ಚಿಕ್ಕವನು ಮಾತ್ರ ಇನ್ನೂ ನಮ್ಮಲ್ಲೇ ಇದ್ದಾನೆ. ಹೈಸ್ಕೂಲಿನ ಸಂಖ್ಯೆ ಗೆರೆಗಿಂತ ಕೆಳಗೆ ಬಂತು. ಹೈಸ್ಕೂಲು ಹೋದರೆ ಉಳಿದ ತರಗತಿಗಳನ್ನು ನಡೆಸುವ ಶಕ್ತಿ ಊರಿಗಿಲ್ಲ. ಫೆಬ್ರವರಿಯಲ್ಲಿ ಸಭೆ.

ಊರು ಸಿಟ್ಟಿನಲ್ಲಿದೆ. ಕೆಫೆಗೆ ಹೋದರೆ ಅದೇ ಮಾತು. ಸೋಮವಾರ ಡೆಲ್ಮರ್ ನನ್ನ ಮೇಜಿಗೆ ಬಂದು ಕೂತ.

"ದಿನಾ ನಮ್ಮ ಬಸ್ಸಲ್ಲಿ ಓಡಾಡ್ಸಿದ್ವಿ, ಮಾರ್ವಾ. ಒಂದ್ ಮಾತು ಹೇಳ್ದೆ ಹೋದ್ರಲ್ಲ."

"ಹುಡುಗಿ ಓದೋಳು, ಡೆಲ್ಮರ್."

"ಓದೋರು ಇಲ್ಲೇ ಓದಿಲ್ವಾ? ನೀನು ಓದ್ಲಿಲ್ವಾ?"

ಬಿಲ್ಲು ಕೊಟ್ಟು ಎದ್ದು ಬಂದೆ. ಪಾರ್ಕಿಂಗಿನಲ್ಲಿ ಮಂಜು ಗಟ್ಟಿಯಾಗಿತ್ತು, ಗಾಡಿಯ ಬಾಗಿಲು ತೆರೆಯಲಿಲ್ಲ. ಸುಮ್ಮನೆ ಅದರ ಪಕ್ಕದಲ್ಲಿ ನಿಂತಿದ್ದೆ.

ಇನ್ನೂ ಬರೆಯಬೇಕು ಅಂದುಕೊಂಡಿದ್ದೆ. ಈ ಹೊತ್ತು ಆಗುತ್ತಿಲ್ಲ.

ಮಾರ್ವಾ

---

ಸ್ಪೋಕೇನ್
24 ಜನವರಿ 2019

ಮಾರ್ವಾ,

ನಾನು ಹೇಳಿರಲಿಲ್ಲವೇ? ನೀನು ಮನೆಗೆ ಹೋಗಿ ಬೇಡಿಕೊಂಡು ಬಂದೆ, ಆ ಹುಡುಗಿಗಾಗಿ ನಿದ್ದೆಗೆಟ್ಟು ಓದಿದೆ, ಅವರು ಕೊಟ್ಟ ಬಹುಮಾನ ಇದು. ಬಂದರು, ಬೇಕಾದದ್ದು ತಗೊಂಡರು, ಹೋದರು. ನಿನ್ನ ಕಾಗದದಲ್ಲಿ ಒಂದು ಸಿಟ್ಟಿನ ಮಾತೂ ಇಲ್ಲ. ನಿನ್ನ ಸ್ವಭಾವವೇ ಹಾಗೆ, ಎಲ್ಲ ನುಂಗಿಕೊಳ್ಳುವುದು. ಸಣ್ಣವಳಿದ್ದಾಗ ಹಲ್ಲುನೋವನ್ನೂ ಹೇಳುತ್ತಿರಲಿಲ್ಲ.

ನೀನು ಮಾತಾಡದಿದ್ದರೆ ನಿನ್ನ ಪರವಾಗಿ ಮಾತಾಡುವವರು ಇದ್ದಾರೆ. ನಾನು ಸಾವಿರ ಮೈಲಿ ದೂರದಲ್ಲಿರಬಹುದು, ನನ್ನ ಕೈಗೆ ಏನೂ ಆಗಿಲ್ಲ.

ಆರ್ಡಿಸ್

---

ಹಾರ್ಲನ್ ಫೋರ್ಕ್
17 ಫೆಬ್ರವರಿ 2019

ಅಕ್ಕ,

ನೀನು ಪತ್ರಿಕೆಗೆ ಬರೆದದ್ದು ಅಚ್ಚಾಗಿದೆ. ನೀನೂ ನೋಡಿರುತ್ತೀಯ. ಹೆಸರಿನ ಕೆಳಗೆ "ನಿವೃತ್ತ ಶಿಕ್ಷಕಿ, ಪ್ಲಮ್ ಕ್ರೀಕ್" ಎಂದು ಹಾಕಿದ್ದಾರೆ. "ಇಂದು ಬಂದು ನಾಳೆ ಹೋಗುವವರ ಅನುಕೂಲಕ್ಕಾಗಿ ಒಂದು ಊರು ತನ್ನ ಶಾಲೆಯನ್ನು ಕಳೆದುಕೊಳ್ಳಬೇಕೇ?" ಅದನ್ನು ಯಾರೋ ಕತ್ತರಿಸಿ ಕೆಫೆಯ ಗಾಜಿಗೆ ಅಂಟಿಸಿದರು. ಎಲ್ವಿರಾ ಅಲ್ಲಿ ಬ್ರೆಡ್ಡು ತಗೊಳ್ಳಲು ಬರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಯಾರೆಲಿ ಪಕ್ಕದಲ್ಲೇ ನಿಂತು ತಾಯಿಗೆ ಸ್ಪ್ಯಾನಿಷಿನಲ್ಲಿ ಓದಿ ಹೇಳಿದಳಂತೆ.

ಮಂಗಳವಾರ ಸಭೆ ನಡೆಯಿತು. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಡಿಚುವ ಕುರ್ಚಿ ಹಾಕಿದ್ದರು. ಊರೆಲ್ಲ ಬಂದಿತ್ತು. ಹಿಂದಿನ ಸಾಲಿನಲ್ಲಿ ಎಲ್ವಿರಾ, ಯಾರೆಲಿ. ಚಿಕ್ಕವನ ಗತಿ ಏನಾಗುತ್ತದೆ ಎಂದು ತಿಳಿಯಲು ಬಂದಿದ್ದರು. ಅವರ ಎರಡೂ ಪಕ್ಕದ ಕುರ್ಚಿ ಖಾಲಿ.

ಡೆಲ್ಮರ್ ಎದ್ದು, "ನಮ್ಮ ಮಿಸ್ ವಾವ್ರಾ ಅಷ್ಟು ದೂರದಿಂದ ಬರ್ದಿದಾರೆ, ಕೇಳಿ" ಅಂದು ನೀನು ಬರೆದದ್ದನ್ನು ಪೂರ್ತಿ ಓದಿದ. ಚೆನ್ನಾಗಿ ಓದಿದ. ಓದುವುದನ್ನು ಅವನಿಗೆ ನೀನೇ ಕಲಿಸಿದ್ದು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದೆ ತಿರುಗಿ ನೋಡಿದೆ. ಯಾರೆಲಿ ತಾಯಿಯ ಕಿವಿಯಲ್ಲಿ ಒಂದೊಂದೇ ವಾಕ್ಯ ಹೇಳುತ್ತಿದ್ದಳು. ಒಂದನ್ನೂ ಬಿಡುತ್ತಿರಲಿಲ್ಲ ಎಂದು ಎಲ್ವಿರಾ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಗ ಎದ್ದು ನಿಂತೆ.

"ಡೆಲ್ಮರ್, ಅವ್ರನ್ನ ಕಳಿಸಿದ್ದು ನಾನು."

"ಎಲ್ಲಿಗೆ?"

"ಕೆಸ್ಲರ್‌ಗೆ. ಅವ್ರಾಗಿ ಹೋಗ್ಲಿಲ್ಲ. ನಾನೇ ಮನೆಗೆ ಹೋಗಿ, ಹುಡುಗೀನ ಕಳ್ಸಿ ಅಂದೆ. ಅವ್ರಿಗೆ ಇಷ್ಟ ಇರ್ಲಿಲ್ಲ."

"ನಮ್ಗೆ ಮಕ್ಕಳು ಸಾಲ್ದು ಅಂತ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಹಿಂದಿನಿಂದ ಯಾರೋ, "ಇಷ್ಟು ವರ್ಷ ನಿನ್ನ ಹೊಟ್ಟೆಗೆ ಹಾಕಿದ್ದು ಯಾವೂರು, ಮಾರ್ವಾ?" ಅಂದರು. ಯಾರೆಂದು ಗೊತ್ತು, ಬರೆಯುವುದಿಲ್ಲ. ಅವರ ಮೂವರು ಮಕ್ಕಳಿಗೂ ನಾನೇ ಪಾಠ ಹೇಳಿದ್ದೇನೆ.

ದೊಡ್ಡ ಭಾಷಣ ಮಾಡಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ: "ಆ ಮಗು ಸಾಮಾನಿನ ಕೋಣೇಲಿ ಒಬ್ಳೇ ಕೂತಿರ್ತಿತ್ತು. ನನ್ನ ಕೈಲಿ ನೋಡೋಕಾಗ್ಲಿಲ್ಲ." ಕೂತೆ. ಮಂಡಳಿ ಮತ ಹಾಕಿತು. ಮೇ ತಿಂಗಳಿಗೆ ಶಾಲೆ ಮುಚ್ಚುತ್ತದೆ.

ಅಕ್ಕ, ನವೆಂಬರಿನಲ್ಲಿ ನಾನು ಅವರ ಮನೆಗೆ ಹೋದದ್ದು ಇದಕ್ಕೆ. ಉಳಿಸಿಕೊಳ್ಳಲು ಹೋಗಿದ್ದೇನೆ ಎಂದು ನೀನು ಹೊಗಳಿ ಬರೆದೆ. ಅಲ್ಲ ಎಂದು ನಾನು ಬರೆಯಲಿಲ್ಲ. ಜನವರಿಯಲ್ಲಾದರೂ ಹೇಳಬಹುದಿತ್ತು. ಹೇಳಿದ್ದರೆ ನೀನು ಪತ್ರಿಕೆಗೆ ಬರೆಯುತ್ತಿರಲಿಲ್ಲ, ಅಥವಾ ನನ್ನ ಹೆಸರು ಹಿಡಿದು ಬೈದು ಬರೆಯುತ್ತಿದ್ದೆ, ಅದಾದರೂ ಸರಿಯಿರುತ್ತಿತ್ತು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಅದಕ್ಕೂ ತ್ರಾಣವಿಲ್ಲ.

ನನ್ನನ್ನು ಕೇಳದೆ ಇನ್ನೇನೂ ಬರೆಯಬೇಡ. ಯಾರಿಗೂ.

ಮಾರ್ವಾ

---

ಹಾರ್ಲನ್ ಫೋರ್ಕ್
31 ಮಾರ್ಚ್ 2019

ಅಕ್ಕ,

ಪ್ರವಾಹದಲ್ಲಿ ರಸ್ತೆ ಕೊಚ್ಚಿಹೋಗಿ ಅಂಚೆ ನಿಂತಿತ್ತು. ನಿನ್ನ ಕಾಗದ ಅದಕ್ಕೇ ಬಂದಿಲ್ಲ ಅಂದುಕೊಂಡೆ. ಈಗ ರಸ್ತೆ ಸರಿಯಾಗಿದೆ, ಕರೆಂಟಿನ ಬಿಲ್ಲು, ಬೀಜದ ಜಾಹೀರಾತು ಎಲ್ಲ ಬಂದವು. ನಿನ್ನದು ಇಲ್ಲ.

ನಾನು ಚೆನ್ನಾಗಿದ್ದೇನೆ. ಕೆಫೆಗೆ ಹೋಗುವುದು ಬಿಟ್ಟಿದ್ದೇನೆ, ಕಾಫಿ ಮನೆಯಲ್ಲೇ. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಈಗ ಧಾರಾಳವಾಗಿ ಜಾಗವಿದೆ. ಶಾಲೆಯಲ್ಲಿ ಮಕ್ಕಳು ಮೊದಲಿನ ಹಾಗೇ ಇದ್ದಾರೆ, ಮಕ್ಕಳಿಗೆ ದೊಡ್ಡವರ ಸಿಟ್ಟು ಅಷ್ಟು ಬೇಗ ಅಂಟುವುದಿಲ್ಲ. ಪ್ರವಾಹದ ದಿನ ಡೆಲ್ಮರ್ ಟ್ರಾಕ್ಟರ್ ತಂದು ನನ್ನ ಗಾಡಿಯನ್ನು ಕೆಸರಿನಿಂದ ಎಳೆದುಕೊಟ್ಟ. ಹಗ್ಗ ಸುತ್ತಿಕೊಂಡು ಹೊರಟುಹೋದ.

ನಿನ್ನ ಕಿವಿ ಹೇಗಿದೆ? ಬೆಕ್ಕು ಹೇಗಿದೆ?

ಮಾರ್ವಾ

---

ಸ್ಪೋಕೇನ್
14 ಏಪ್ರಿಲ್ 2019

ಮಾರ್ವಾ,

ಬೆಕ್ಕು ಚೆನ್ನಾಗಿದೆ.

ನಿನ್ನ ಫೆಬ್ರವರಿಯ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದುಹಾಕಿದೆ. ಮೊದಲ ಎರಡರಲ್ಲಿ ನಿನ್ನನ್ನು ಬೈದಿದ್ದೆ. ಉಳಿದ ಎರಡರಲ್ಲಿ ಏನಿತ್ತೋ ನನಗೇ ಬೇಸರ ಬಂತು.

ಮೇ ತಿಂಗಳಲ್ಲಿ ರೈಲು ಹತ್ತಿ ಬರುತ್ತೇನೆ. ಶಾಲೆಯ ಕೊನೆಯ ವಾರ ನಿನ್ನ ಜತೆ ಇರುತ್ತೇನೆ. ಮಂಚ ಇಲ್ಲದಿದ್ದರೆ ಸೋಫಾ ಸಾಕು.

ಆರ್ಡಿಸ್

---

ಸ್ಪೋಕೇನ್
9 ಜೂನ್ 2019

ಮಾರ್ವಾ,

ಸುಖವಾಗಿ ಬಂದು ಸೇರಿದೆ. ಸೊಂಟ ಹಿಡಿದುಕೊಂಡಿದೆ, ಅದು ರೈಲಿನ ಉಡುಗೊರೆ.

ನಿನ್ನ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನೀನು ಪ್ರಯೋಗಾಲಯದ ಸಾಮಾನು ಡಬ್ಬಿಗೆ ತುಂಬಲು ಹೋದ ದಿನ, ಹಳೆ ಸ್ನೇಹಿತೆಯರನ್ನು ನೋಡಿ ಬರುತ್ತೇನೆ ಎಂದು ನಿನ್ನ ಗಾಡಿ ತಗೊಂಡೆನಲ್ಲ. ನಾನು ಹೋದದ್ದು ಡೈರಿಗೆ. ಯಾರಿಗೂ ಬರೆಯಬೇಡ ಎಂದು ನೀನು ಹೇಳಿದ್ದೆ. ಬರೆಯಲಿಲ್ಲ. ಹೋದೆ.

ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಆ ಹುಡುಗಿ ಓದುತ್ತ ಕೂತಿದ್ದಳು. ನನ್ನ ಹೆಸರು ಹೇಳಿದೆ. ಪುಸ್ತಕ ಮುಚ್ಚಿದಳು. "ಪತ್ರಿಕೆಯೋರಾ?" ಅಂದಳು. ಹೌದು ಅಂದೆ. ಬಾಗಿಲಿನಿಂದಲೇ ಕಳಿಸಿಬಿಡುತ್ತಾಳೆ ಅಂದುಕೊಂಡೆ. ಒಳಗೆ ಹೋಗಿ ತಾಯಿಯನ್ನು ಎಬ್ಬಿಸಿಕೊಂಡು ಬಂದಳು. ಬೆಳಗಿನ ಹಾಲು ಮುಗಿಸಿ ಮಲಗಿದ್ದರು ಪಾಪ, ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು. ನನ್ನನ್ನು ಮೇಜಿನ ಮುಂದೆ ಕೂರಿಸಿದರು.

ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದನ್ನೆಲ್ಲ ಹೇಳಿದೆ. ಗೊತ್ತಿಲ್ಲದೆ ಬರೆದೆ, ಗೊತ್ತಿಲ್ಲದವರ ಬಗ್ಗೆ ಬರೆದೆ, ನಿಮ್ಮ ಮಗಳು ಅದನ್ನು ನಿಮಗೆ ಓದಿ ಹೇಳಬೇಕಾಯಿತು, ಹೀಗೆ ಉದ್ದಕ್ಕೆ. ಹುಡುಗಿ ತಾಯಿಯ ಕಡೆ ತಿರುಗಿ ಎರಡೇ ಎರಡು ಮಾತು ಹೇಳಿದಳು.

"ನಾನು ಅಷ್ಟೊಂದು ಹೇಳಿದೆ, ನೀನು ಇಷ್ಟೇನಾ ಹೇಳಿದ್ದು?" ಅಂದೆ.

"ಅಮ್ಮ ಮತ್ತೆ ಕೆಲಸಕ್ಕೆ ಹೋಗ್ಬೇಕು, ಮ್ಯಾಡಮ್. ಬೇಕಾದ್ದು ಹೇಳಿದೀನಿ."

ಎಲ್ವಿರಾ ಏನೋ ಕೇಳಿದರು. ಹುಡುಗಿ ಸ್ವಲ್ಪ ಹಿಂಜರಿದಳು.

"ನೀವು ಎಷ್ಟು ವರ್ಷ ಟೀಚರ್ ಆಗಿದ್ರಿ ಅಂತ ಕೇಳ್ತಿದಾರೆ."

"ನಾಲ್ಕು."

ಹೇಳಿದಳು. ತಾಯಿ ಮತ್ತೇನೋ ಅಂದರು.

"ಅಷ್ಟೇನಾ ಅಂತಿದಾರೆ."

ಮಾರ್ವಾ, ನನ್ನನ್ನು ಅಷ್ಟು ಸರಿಯಾಗಿ ಅಳೆದವರು ಇನ್ನೊಬ್ಬರಿಲ್ಲ. ಅವರು ಕುಹಕದಿಂದ ಕೇಳಿದ್ದಲ್ಲ. ನನ್ನ ಬರಹ ಕೇಳಿ, ಇವಳು ಆಯುಷ್ಯವೆಲ್ಲ ಪಾಠ ಹೇಳಿದವಳಿರಬೇಕು ಅಂದುಕೊಂಡಿದ್ದರಂತೆ. ಅಷ್ಟೇ, ಅಂದೆ. ಆಮೇಲೆ ಮದುವೆಯಾಯಿತು, ಆಮೇಲೆ ಬ್ಯಾಂಕು.

ಆಗ ಅವರು ನಿನ್ನ ಬಗ್ಗೆ ಹೇಳತೊಡಗಿದರು. ನೀನು ಒಂದಲ್ಲ, ಮೂರು ಸಲ ಹೋಗಿದ್ದೆಯಂತೆ. ಎರಡು ಸಲ ಅವರು ಆಗುವುದಿಲ್ಲ ಅಂದರಂತೆ. ಇಲ್ಲಿ ಎಲ್ಲ ಟೀಚರಿಗೂ ನನ್ನ ಮಕ್ಕಳ ಹೆಸರು ಗೊತ್ತು, ದೊಡ್ಡ ಶಾಲೆಯಲ್ಲಿ ಯಾರು ನೋಡುತ್ತಾರೆ, ಎಂದು. ಮೂರನೇ ಸಲ ನೀನು, ಅವಳಿಗೆ ಕಲಿಸುವುದಕ್ಕೆ ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ ಅಂದೆಯಂತೆ. ಆ ಮಾತನ್ನೂ ಈ ಹುಡುಗಿಯೇ ತಾಯಿಗೆ ತಿಳಿಸಿ ಹೇಳಬೇಕಾಯಿತಂತೆ.

"ಯಾವ ಟೀಚರ್ ಹಾಗಂತಾರೆ? ಹುಷಾರಿಲ್ವೇನೋ ಅಂದ್ಕೊಂಡು ಅಮ್ಮ ಅವ್ರಿಗೆ ಸೂಪ್ ಕೊಟ್ರು" ಅಂದಳು ಹುಡುಗಿ. "ಮಿಸ್ ಎರಡು ಬಟ್ಲು ಕುಡಿದ್ರು."

ನನಗೂ ಅದೇ ಸೂಪು ಕೊಟ್ಟರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅದರಿಂದ ಅನುಕೂಲವೇ ಆಯಿತು.

ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಎಲ್ವಿರಾ ಗಾಡಿಯವರೆಗೂ ಬಂದು, ಕಿಟಕಿಯಲ್ಲಿ ಬಗ್ಗಿ ಸೀಟು ಬೆಲ್ಟು ಹಾಕಿಕೊ ಎಂದು ಕೈಸನ್ನೆ ಮಾಡಿದರು. ನಾನು ಯಾವಾಗಲೂ ಮರೆಯುತ್ತೇನೆ.

ಇಷ್ಟು ವರ್ಷ ನಾನು ನಿನಗೆ ಬರೆದದ್ದೆಲ್ಲ ಮಿಸ್ ವಾವ್ರಾ ತನ್ನ ಶಾಲೆಯ ಹುಡುಗಿಗೆ ಬರೆದ ಹಾಗೆ ಇತ್ತು. ನೀನು ಮೂವತ್ತೆಂಟು ವರ್ಷ ಆ ಕೆಲಸ ಮಾಡಿದವಳು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕೆಸ್ಲರ್‌ನಲ್ಲಿ ಕೆಲಸ ಸಿಕ್ಕಿದರೆ ತಗೊ. ಸಿಗದಿದ್ದರೆ ಇಲ್ಲಿಗೆ ಬಾ. ಬೆಕ್ಕಿಗೆ ನನ್ನ ಮಾತು ಕೇಳಿ ಸಾಕಾಗಿದೆ.

ಆರ್ಡಿಸ್

---

ಹಾರ್ಲನ್ ಫೋರ್ಕ್
20 ಅಕ್ಟೋಬರ್ 2019

ಪ್ರೀತಿಯ ಅಕ್ಕ,

ನಿನ್ನ ಜೂನ್ ಕಾಗದಕ್ಕೆ ಈಗ ಉತ್ತರ. ಅದನ್ನು ಓದಿ ಒಂದು ವಾರ ಏನೂ ಮಾಡಲಾಗಲಿಲ್ಲ, ಆಮೇಲೆ ಬೇಸಿಗೆಯೆಲ್ಲ ನಿದ್ದೆ ಮಾಡಿದೆ. ಇಷ್ಟು ದಣಿದಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಕೆಸ್ಲರ್‌ನಲ್ಲಿ ಗಣಿತದ ಟೀಚರುಗಳು ಸಾಕಷ್ಟು ಇದ್ದಾರೆ, ಎಲ್ಲ ನನ್ನ ಅರ್ಧ ವಯಸ್ಸಿನವರು. ನನಗೆ ಕೊಟ್ಟದ್ದು ಬೇರೆ ಕೆಲಸ: ಮಕ್ಕಳು ತಾವೇ ಓದಿಕೊಳ್ಳುವ ಗಂಟೆಯಲ್ಲಿ ಗಲಾಟೆ ಆಗದಂತೆ ನೋಡಿಕೊಳ್ಳುವುದು, ಕಾರಿಡಾರಿನಲ್ಲಿ ತಿರುಗುವುದು, ಬೆಳಗ್ಗೆ ಸಂಜೆ ನಮ್ಮೂರ ಚಿಕ್ಕಮಕ್ಕಳ ಜತೆ ಬಸ್ಸಿನಲ್ಲಿ ಬರುವುದು. ಕತ್ತಲಿರುವಾಗಲೇ ಹತ್ತಬೇಕು. ಒಂದು ತಿರುವು ದಾಟುವಷ್ಟರಲ್ಲಿ ಸಣ್ಣವು ನಿದ್ದೆ ಹೋಗುತ್ತವೆ, ನನ್ನ ಎರಡೂ ತೋಳು ಜೋಮು ಹಿಡಿಯುತ್ತವೆ. ಇಷ್ಟು ದೂರ ಈ ಮಕ್ಕಳನ್ನು ಎಳೆದು ತರುವುದು ಸರಿಯೇ ಎಂದು ದಿನಾ ಆ ತಿರುವಿನಲ್ಲಿ ಅನ್ನಿಸುತ್ತದೆ. ಡೆಲ್ಮರ್‌ನ ಮೊಮ್ಮಗಳೂ ಇದೇ ಬಸ್ಸು. ಅವನು ಅವಳನ್ನು ಹತ್ತಿಸಿ, ನನಗೆ "ಚಳಿ ಇದೆ" ಅನ್ನುತ್ತಾನೆ. ನಾನು ಹೌದು ಅನ್ನುತ್ತೇನೆ. ಮಾತು ಅಷ್ಟರ ಮಟ್ಟಿಗೆ ಬಂದಿದೆ.

ಯಾರೆಲಿಯ ವಿಷಯ ನೀನು ಕೇಳದಿದ್ದರೂ ಹೇಳುತ್ತೇನೆ. ಈ ವರ್ಷದ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ಸಾಧಾರಣ. ಕಾರಿಡಾರಿನಲ್ಲಿ ಸಿಕ್ಕಿ, "ಮಿಸ್, ನಿಮ್ಮಲ್ಲಿ ನಾನು ಜಾಣೆ ಆಗಿದ್ದೆ. ಇಲ್ಲಿ ಎಲ್ಲರ ಹಾಗೆ" ಅಂದಳು. ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಇಷ್ಟೆಲ್ಲ ಮಾಡಿ, ಊರನ್ನು ಎದುರು ಹಾಕಿಕೊಂಡು, ಅವಳನ್ನು ಎಲ್ಲರ ಹಾಗೆ ಮಾಡಿದೆನಲ್ಲ ಎಂದು. ನಿನಗೂ ಬರೆಯಬೇಕು ಅನ್ನಿಸಲಿಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ತಿರುಗುತ್ತಿದ್ದೆ. ಒಂದು ಕೋಣೆಯಿಂದ ಜೋರು ಗಲಾಟೆ. ಸುಮ್ಮನಿರಿಸೋಣ ಎಂದು ಬಾಗಿಲ ಗಾಜಿನಲ್ಲಿ ನೋಡಿದೆ. ಟೀಚರ್ ಇರಲಿಲ್ಲ. ಬೋರ್ಡಿನ ಮುಂದೆ ಐದಾರು ಮಕ್ಕಳು ಗುಂಪುಕಟ್ಟಿ ಒಂದು ಲೆಕ್ಕಕ್ಕೆ ಜಗಳಾಡುತ್ತಿದ್ದರು. ಎಲ್ಲರಿಗಿಂತ ಗಟ್ಟಿ ಗಂಟಲು ಯಾರೆಲಿಯದು.

"ಹಾಗಾಗಲ್ಲ, ನಾನ್ ತೋರಿಸ್ತೀನಿ, ಕೊಡು ಇಲ್ಲಿ ಸೀಮೆಸುಣ್ಣ."

"ನಿನ್ನೇನೂ ಹೀಗೇ ಅಂದು ತಪ್ಪು ಮಾಡ್ದೆ, ಸಾಲ್ಸೆಡೊ."

"ನಿನ್ನೆ ತಪ್ಪು, ಇವತ್ತು ಸರಿ. ಸರಿ ಪಕ್ಕಕ್ಕೆ."

ಒಬ್ಬ ಹುಡುಗ ಸೀಮೆಸುಣ್ಣ ಕೊಡದೆ ಮೇಲಕ್ಕೆ ಎತ್ತಿ ಹಿಡಿದ. ಅವಳು ಕುರ್ಚಿ ಹತ್ತಿ ಕಿತ್ತುಕೊಂಡಳು. ಬರೆದಳು. ಅರ್ಧದಲ್ಲೇ ನಿಂತು, ಬೋರ್ಡನ್ನೇ ನೋಡಿ, "ಅಯ್ಯೋ, ನಾನೇ ತಪ್ಪು" ಅಂದು ನಕ್ಕಳು. ಎಲ್ಲ ನಕ್ಕರು. ಅವಳು ನಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವರನ್ನು ಸುಮ್ಮನಿರಿಸುವುದು ನನ್ನ ಕೆಲಸ, ಅದಕ್ಕೇ ನನಗೆ ಸಂಬಳ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಪಕ್ಕದ ಕೋಣೆಯ ಟೀಚರ್ ಹೊರಗೆ ಬಂದು, "ಏನು ಗದ್ದಲ ಇದು?" ಅಂದರು.

"ನಾನು ನೋಡ್ಕೋತೀನಿ, ನೀವು ಪಾಠ ಮಾಡಿ" ಅಂದೆ. ಗಂಟೆ ಹೊಡೆಯುವವರೆಗೂ ಆ ಬಾಗಿಲ ಹೊರಗೇ ನಿಂತಿದ್ದೆ.

ನಿನ್ನ
ಮಾರ್ವಾ